ಹುದ್ದೆ ಯಾವುದೆಂದರೆ ‘ಫ್ಯಾಕಲ್ಟಿ’ ಎನ್ನುತ್ತಾರೆ

ಬೆಂಗಳೂರಿನ ಖಾಸಗಿ ಕಾಲೇಜುಗಳಲ್ಲಿ ಈಗ ಮೇಷ್ಟರೂ ಇಲ್ಲ, ಉಪನ್ಯಾಸಕರೂ ಇಲ್ಲ. ಇರುವವರೆಲ್ಲ ಫ್ಯಾಕಲ್ಟಿ. ವಿಜಯನಗರದ ಕೋಚಿಂಗ್ ಕೇಂದ್ರಗಳ ಫಲಕಗಳಲ್ಲಂತೂ ಕೆಎಎಸ್‌ಗೂ ಪಿಎಸ್‌ಐಗೂ ‘ನುರಿತ ಫ್ಯಾಕಲ್ಟಿಗಳಿಂದ ತರಬೇತಿ’. ಪಾಠ ಇಲ್ಲದ ದಿನ ಹುಡುಗರು ಖುಷಿಯಿಂದ ಹೇಳುವುದೂ ಅದನ್ನೇ: ‘ಇವತ್ತು ಫ್ಯಾಕಲ್ಟಿ ಬಂದಿಲ್ಲ.’

ಈ ಪದದ ಮೂಲ ಲ್ಯಾಟಿನ್ನಿನ ‘ಫಾಕುಲ್ಟಾಸ್’. ಮಾಡಬಲ್ಲ ಶಕ್ತಿ ಎಂದು ಅದರ ಅರ್ಥ. ನಮ್ಮ ‘ಫೆಸಿಲಿಟಿ’ಯೂ ಅದೇ ಮನೆತನದ್ದು. ನೋಡುವ, ಕೇಳುವ, ನೆನಪಿಡುವ, ವಿವೇಚಿಸುವ ಸಾಮರ್ಥ್ಯಗಳಿಗೆ ಇಂಗ್ಲಿಷರು ಇಂದಿಗೂ ಇದನ್ನೇ ಬಳಸುತ್ತಾರೆ. ಆ ಅರ್ಥದಲ್ಲಿ ನಮಗೆ ಅದರ ಅಗತ್ಯ ಬಿದ್ದಿಲ್ಲ. ಸ್ಮರಣಶಕ್ತಿ, ಗ್ರಹಣಶಕ್ತಿ ಎನ್ನುತ್ತೇವೆ. ಉಯಿಲು ಬರೆಸುವಾಗ ‘ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ’ ಎಂದು ಬರೆಸುತ್ತೇವೆ.

ನಮಗೆ ಬಂದದ್ದು ಇನ್ನೊಂದು ಅರ್ಥ. 13ನೇ ಶತಮಾನದ ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಕಲೆ, ದೇವತಾಶಾಸ್ತ್ರ, ಕಾನೂನು, ವೈದ್ಯ ಎಂಬ ನಾಲ್ಕು ಫ್ಯಾಕಲ್ಟಿಗಳಿದ್ದವು. ಅವು ಕೇವಲ ವಿಭಾಗಗಳಲ್ಲ, ಅಧಿಕಾರವಿದ್ದ ಅಧ್ಯಾಪಕರ ಕೂಟಗಳು. ಯಾರನ್ನು ತಮ್ಮ ಸಾಲಿಗೆ ಸೇರಿಸಿಕೊಳ್ಳಬೇಕು ಎಂಬುದರಲ್ಲಿ ಆ ಕೂಟದ ಮಾತು ನಡೆಯುತ್ತಿತ್ತು. ಕಲಾ ಫ್ಯಾಕಲ್ಟಿ ಆರಿಸಿದ ರೆಕ್ಟರ್ ಕ್ರಮೇಣ ಇಡೀ ವಿಶ್ವವಿದ್ಯಾಲಯಕ್ಕೇ ಮುಖ್ಯಸ್ಥನಾದ. ಮುಂದೆ ಬ್ರಿಟಿಷರು ವಿಷಯಗಳ ದೊಡ್ಡ ಗುಂಪಿಗೆ ಆ ಹೆಸರನ್ನು ಉಳಿಸಿಕೊಂಡರೆ, ಅಮೆರಿಕನ್ನರು ಅಧ್ಯಾಪಕವರ್ಗವನ್ನು ಒಟ್ಟಾಗಿ ಹಾಗೆ ಕರೆದರು. ನಮ್ಮ ವಿಶ್ವವಿದ್ಯಾಲಯಗಳು ಹಿಡಿದದ್ದು ಬ್ರಿಟಿಷರ ದಾರಿ. ಕನ್ನಡದಲ್ಲಿ ಅದು ‘ನಿಕಾಯ’, ಅದಕ್ಕೊಬ್ಬ ಡೀನ್.

ಒಬ್ಬನೇ ಮನುಷ್ಯ ಫ್ಯಾಕಲ್ಟಿಯಾದದ್ದು ನಮ್ಮಲ್ಲಿ. ವ್ಯಾಕರಣ ತಪ್ಪಿತೆಂದು ನನಗೇನೂ ಸಂಕಟವಿಲ್ಲ. ಇಂಗ್ಲಿಷಿನಲ್ಲಿ ಪೊಲೀಸ್ ಎಂದರೂ ಒಂದು ಪಡೆಯೇ. ನಾವು ‘ಒಬ್ಬ ಪೊಲೀಸ್ ಬಂದ’ ಎನ್ನುತ್ತೇವೆ, ಯಾರಿಗೂ ನಷ್ಟವಿಲ್ಲ. ಏಕೆಂದರೆ ಬಂದವನು ಕಾನ್‌ಸ್ಟೆಬಲ್ಲೋ ಇನ್‌ಸ್ಪೆಕ್ಟರೋ ಎಂಬುದು ಸಮವಸ್ತ್ರದಲ್ಲೇ ಗೊತ್ತಾಗುತ್ತದೆ. ಫ್ಯಾಕಲ್ಟಿ ಎಂದವರ ದರ್ಜೆ ಯಾವುದರಿಂದ ಗೊತ್ತಾಗಬೇಕು?

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಲೆಕ್ಕದಲ್ಲಿ ಇರುವುದು ಸಹಾಯಕ ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ, ಪ್ರಾಧ್ಯಾಪಕ ಎಂಬ ಹುದ್ದೆಗಳು. ಒಂದೊಂದಕ್ಕೂ ಅರ್ಹತೆ ಇದೆ, ವೇತನಶ್ರೇಣಿ ಇದೆ. ಏಳನೇ ವೇತನ ಆಯೋಗದ ನಂತರ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನ 57,700 ರೂಪಾಯಿ. ‘ಫ್ಯಾಕಲ್ಟಿ ಬೇಕಾಗಿದ್ದಾರೆ’ ಎಂಬ ಜಾಹೀರಾತಿಗೆ ಇದ್ಯಾವುದರ ಹಂಗೂ ಇಲ್ಲ. ಗಂಟೆ ಲೆಕ್ಕದಲ್ಲಿ ಬಂದು ಹೋಗುವವರೂ ಫ್ಯಾಕಲ್ಟಿ, ಇಪ್ಪತ್ತು ವರ್ಷ ಸವೆದವರೂ ಫ್ಯಾಕಲ್ಟಿ. ಆಡಳಿತ ಮಂಡಳಿಗಳಿಗೆ ಈ ಪದ ಇಷ್ಟವಾಗಿರುವುದು ಇಂಗ್ಲಿಷ್ ವ್ಯಾಮೋಹದಿಂದಲ್ಲ, ಅದು ಏನನ್ನೂ ಒಪ್ಪಿಕೊಳ್ಳುವುದಿಲ್ಲ ಎಂಬ ಕಾರಣದಿಂದ.

ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಪಾಡು ಹಸನಾಗಿಲ್ಲ, ನಿಜ. ಆದರೂ ಅವರಿಗೆ ಆ ಹೆಸರಿತ್ತು, ಅದರಡಿ ಸಂಘಟಿತರಾಗಿ ಬೀದಿಗಿಳಿದರು. 2022ರ ಜನವರಿಯಲ್ಲಿ ಗೌರವಧನ ಏರಿತು. ಫ್ಯಾಕಲ್ಟಿಗಳ ಧರಣಿಯನ್ನು ಫ್ರೀಡಂ ಪಾರ್ಕ್‌ನಲ್ಲಿ ನಾನಂತೂ ಕಂಡಿಲ್ಲ.

ನನ್ನ ಗೆಳತಿಯೊಬ್ಬಳು ನಗರದ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದಳು. ನೇಮಕಾತಿ ಪತ್ರದಲ್ಲೂ ಕೊರಳ ಗುರುತಿನ ಚೀಟಿಯಲ್ಲೂ ‘ಫ್ಯಾಕಲ್ಟಿ, ಕಾಮರ್ಸ್’. ಪ್ರವೇಶಾತಿಯ ತಿಂಗಳುಗಳಲ್ಲಿ ಪಿಯುಸಿ ಮುಗಿಸಿದ ಮಕ್ಕಳ ಪಟ್ಟಿ ಹಿಡಿದು ತಂದೆತಾಯಿಗಳಿಗೆ ಫೋನ್ ಮಾಡುವುದೂ ಅವಳ ಕೆಲಸ. ಉಪನ್ಯಾಸಕಿ ಎಂದಿದ್ದರೆ ‘ಇದು ನನ್ನ ಕೆಲಸವಲ್ಲ’ ಎನ್ನಬಹುದಿತ್ತು; ಫ್ಯಾಕಲ್ಟಿಯ ಕೆಲಸ ಇಂಥದ್ದೇ ಎಂದು ಯಾರೂ ಎಲ್ಲೂ ಬರೆದಿಲ್ಲವಲ್ಲ! ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್ ತಂಡ ಬರುವ ವಾರ ಮಾತ್ರ ಕೊಠಡಿಯ ಬಾಗಿಲಿಗೆ ಹೊಸ ಫಲಕ ಬಂತು: ಹೆಸರಿನ ಕೆಳಗೆ ‘ಸಹಾಯಕ ಪ್ರಾಧ್ಯಾಪಕಿ’. ತಂಡ ಹೋದ ಮೇಲೆ ಫಲಕವೂ ಹೋಯಿತು. (ನಡುನಡುವೆ ‘ಫ್ಯಾಕಲ್ಟಿ ಡೆವಲಪ್‌ಮೆಂಟ್’ ಕಾರ್ಯಕ್ರಮಗಳ ಪ್ರಮಾಣಪತ್ರಗಳು ಮಾತ್ರ ಇಮೇಲಿಗೆ ತಪ್ಪದೆ ಬರುತ್ತಿದ್ದವು. ಸಂಬಳವೊಂದು ಬಿಟ್ಟು ಉಳಿದೆಲ್ಲ ಅಭಿವೃದ್ಧಿಯಾಯಿತು.)

ಕೆಲಸ ಬಿಟ್ಟು ಅನುಭವ ಪತ್ರ ಕೇಳಿದಾಗ ‘ಫ್ಯಾಕಲ್ಟಿಯಾಗಿ ಸೇವೆ ಸಲ್ಲಿಸಿದ್ದಾರೆ’ ಎಂಬ ಒಂದು ಸಾಲು ಸಿಕ್ಕಿತು. ಮುಂದಿನ ಕಾಲೇಜಿನ ಗುಮಾಸ್ತರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಅರ್ಜಿಯ ‘ಹಿಂದಿನ ಹುದ್ದೆ’ ಎಂಬ ಕಲಮಿನ ಮೇಲೆ ಬೆರಳಿಟ್ಟು, ‘ಇಲ್ಲಿ ಏನು ಬರೆಯಲಿ ಮೇಡಂ?’ ಎಂದು ಕೇಳಿದರಂತೆ.