ಮಣಿಯ ‘ಹೂಂ’

ಇದನ್ನು ಬರೆಯಲೋ ಬೇಡವೋ ಅಂತ ತುಂಬ ದಿನ ತೂಗಿದೆ. ಓದಿದ ಮೇಲೆ ನಮ್ಮೂರಿನ ಒಂದಿಬ್ಬರು ಮದುವೆ ಮನೆಯಲ್ಲಿ ಮುಖ ತಿರುಗಿಸಬಹುದು. ತಿರುಗಿಸಲಿ.

ಕೊಡಗಿನ ನಮ್ಮ ತೋಟದ ಲೈನ್ ಮನೆಯಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ಒಬ್ಬನಿದ್ದಾನೆ. ಮಣಿ ಅಂತ ಕರೆಯುತ್ತೇನೆ, ನಿಜವಾದ ಹೆಸರು ಬೇಡ. ಯರವ ಎಂಬ ಬುಡಕಟ್ಟಿನ ಹುಡುಗ. ಹುಡುಗ ಅಂದರೆ ನಲವತ್ತು ದಾಟಿದೆ. ನಾವು ತೋಟದವರು ಅವರನ್ನು ಸಾಯುವವರೆಗೂ ಹುಡುಗ ಅಂತಲೇ ಕರೆಯುವುದು. ಏಣಿ ಹಾಕಿ ಸಿಲ್ವರ್ ಮರದ ತುದಿಯ ಕಾಳುಮೆಣಸಿನ ಗೊನೆಯನ್ನು ಒಂದೂ ಬಿಡದಂತೆ ಕೊಯ್ಯುವುದರಲ್ಲಿ ಅವನಂಥವನು ಸುತ್ತಮುತ್ತ ಇಲ್ಲ.

2023ರ ಮಾರ್ಚ್‌ನಲ್ಲಿ ಪಕ್ಕದ ತೋಟದ ಗೋದಾಮಿನಿಂದ ಒಂದೂವರೆ ಚೀಲ ಒಣಗಿದ ಕಾಳುಮೆಣಸು ಕಾಣೆಯಾಯಿತು. ಕೆ.ಜಿ.ಗೆ 500 ರೂಪಾಯಿ ಆಸುಪಾಸು ಇದ್ದ ಕಾಲ, ಸಣ್ಣ ಮೊತ್ತವೇನಲ್ಲ. ಎರಡು ದಿನ ಮೊದಲು ಮಣಿ ಅಲ್ಲಿಗೆ ಕೂಲಿಗೆ ಹೋಗಿದ್ದ. ಅಷ್ಟೇ ಸಾಕಾಯಿತು. ಜೀಪು ಬಂತು, ಹತ್ತಿಸಿಕೊಂಡು ಹೋದರು.

ಆ ರಾತ್ರಿ ಮಣಿ ಎಲ್ಲಿದ್ದ ಅಂತ ನನಗೆ ಗೊತ್ತು. ನನ್ನ ಕಣದಲ್ಲಿದ್ದ. ನಮ್ಮ ಮೆಣಸೂ ಹರಡಿತ್ತು, ಕಾವಲಿಗೆ ಅವನನ್ನೇ ಮಲಗಿಸಿದ್ದೆ. ಹನ್ನೊಂದು ಗಂಟೆಗೆ ನಾಯಿ ಬೊಗಳಿತು ಅಂತ ಟಾರ್ಚ್ ಹಿಡಿದು ಹೋದಾಗ ಬೆಂಕಿ ಕೆದಕುತ್ತಾ ಕೂತಿದ್ದ. ಬೆಳಗ್ಗೆ ಐದೂವರೆಗೆ ಇಬ್ಬನಿಯಲ್ಲಿ ನೆನೆದ ಟಾರ್ಪಲ್ ಸುತ್ತುತ್ತಿದ್ದ. ನಡುವಿನ ಆರೂವರೆ ಗಂಟೆಯಲ್ಲಿ ಗುಡ್ಡ ಇಳಿದು, ಬೀಗ ಮುರಿದು, ಅಷ್ಟು ಮೆಣಸು ಹೊತ್ತು ಮಾರಿ ಬಂದ ಅಂತ ನಂಬುವವರು ನಂಬಲಿ. ನಮ್ಮ ನಾಯಿಯಂತೂ ನಂಬುವುದಿಲ್ಲ. ಯಾರೇ ಗೇಟು ದಾಟಿದರೂ ಊರೆಲ್ಲ ಏಳುವ ಹಾಗೆ ಕಿರುಚುತ್ತದೆ.

ಠಾಣೆಯಲ್ಲಿ ಏನು ನಡೆಯಿತೋ ಅವನು ಇವತ್ತಿಗೂ ಬಾಯಿಬಿಟ್ಟಿಲ್ಲ. ಆದರೆ ಅವನ ‘ಸ್ವ-ಇಚ್ಛಾ ಹೇಳಿಕೆ’ಯನ್ನು ವಕೀಲರ ಟೇಬಲ್ ಮೇಲೆ ನಾನೇ ಓದಿದೆ. “ನಾನು ಮೇಲ್ಕಂಡ ವಿಳಾಸದಲ್ಲಿ ವಾಸವಾಗಿದ್ದು, ಕೂಲಿ ಕೆಲಸ ಮಾಡಿಕೊಂಡು ಜೀವನ ನಡೆಸುತ್ತಿದ್ದು, ಹಣದ ಆಸೆಗಾಗಿ ಸದರಿ ಮೆಣಸನ್ನು...” ಹೀಗೆ ಒಂದೂವರೆ ಪುಟ. ಮಣಿಗೆ ‘ಸದರಿ’ ಅಂದರೆ ಏನು ಅಂತ ಗೊತ್ತಿದ್ದರೆ ನಾನು ಈ ತೋಟ ಅವನ ಹೆಸರಿಗೆ ಬರೆದುಕೊಡುತ್ತೇನೆ. ಕೆಳಗೆ ಹೆಬ್ಬೆಟ್ಟು.

ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ. ಇದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ. ಬ್ರಿಟಿಷರಿಗೂ ತಮ್ಮ ಪೊಲೀಸರ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಅದು ಹಾಗೇ ಉಳಿದಿದೆ. ಆದರೆ ಒಂದು ಕಿಂಡಿ ಇದೆ: ಆ ಹೇಳಿಕೆಯಿಂದ ಮಾಲು ಸಿಕ್ಕಿದರೆ ಅಷ್ಟು ಭಾಗ ನಿಲ್ಲುತ್ತದೆ. ಮಣಿ ‘ತೋರಿಸಿಕೊಟ್ಟ’ ಅಂತ ಒಂದು ಚೀಲ ಮೆಣಸು ಮಹಜರಿನಲ್ಲಿ ಬಂತು. ಕೊಡಗಿನಲ್ಲಿ ಮಾರ್ಚ್ ತಿಂಗಳಲ್ಲಿ ಒಂದು ಚೀಲ ಮೆಣಸು ಹುಡುಕುವುದು ಸಮುದ್ರದಲ್ಲಿ ನೀರು ಹುಡುಕಿದ ಹಾಗೆ. ಕಾಳಿನ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲ.

47 ದಿನ ಜೈಲಿನಲ್ಲಿದ್ದ. ಜಾಮೀನು ಸಿಗಲಿಲ್ಲ ಅಂತಲ್ಲ, ಆದೇಶ ಹತ್ತನೇ ದಿನವೇ ಆಗಿತ್ತು. ಜಾಮೀನುದಾರ ಬೇಕು, ಪಹಣಿ ತರಬೇಕು. ಲೈನ್ ಮನೆಯವನಿಗೆ ಎಲ್ಲಿಯ ಪಹಣಿ? ನಾನು ಹೋದೆ. ನಮ್ಮದು ಜಮ್ಮಾ ಜಾಗ, ಅಂದರೆ ಇಡೀ ಒಕ್ಕಕ್ಕೆ (ಮನೆತನಕ್ಕೆ) ಸೇರಿದ ಹಿಡುವಳಿ; ಪಹಣಿ ಇನ್ನೂ ಅಜ್ಜನ ಕಾಲದ ಪಟ್ಟೆದಾರರ ಹೆಸರಿನಲ್ಲಿ, ಜೊತೆಗೆ ಒಕ್ಕದ ಹದಿನಾಲ್ಕು ಜನ. ಈ ಪಹಣಿ ಆಗಲ್ಲ ಅಂದರು. ಕೊನೆಗೆ ಪರಿಚಯದ ಒಬ್ಬರು ತಮ್ಮ ಪಹಣಿ ಕೊಟ್ಟರು, ಮುಜುಗರದಿಂದಲೇ. 1978ರಲ್ಲಿ ಮೋತಿರಾಮ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದೇ ವಿಷಯಕ್ಕೆ ಕೋಪಗೊಂಡಿದ್ದರು. ಮೋತಿರಾಮ್ ಗಾರೆ ಕೆಲಸದವನು, ಕೆಳಗಿನ ಕೋರ್ಟು ಅವನಿಂದ ಹತ್ತು ಸಾವಿರದ ಜಾಮೀನು ಕೇಳಿ, ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ತಿರಸ್ಕರಿಸಿತ್ತು. ಬಡವನಿಗೆ ಜಾಮೀನನ್ನು ಹೀಗೆ ಕೈಗೆಟುಕದ ಹಾಗೆ ಇಡಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿ ಇಷ್ಟು ವರ್ಷವಾದರೂ ಪಹಣಿ ಪಹಣಿಯೇ.

ಆಮೇಲೆ ಶುರುವಾಯಿತು ವಾಯಿದೆ. ಬೆಳಗ್ಗೆ ಏಳೂವರೆ ಬಸ್ಸಿಗೆ ಹೋಗುವುದು, ಮಧ್ಯಾಹ್ನದವರೆಗೂ ವರಾಂಡದಲ್ಲಿ ನಿಲ್ಲುವುದು, ಹೆಸರು ಕೂಗಿದಾಗ ಕೈಮುಗಿಯುವುದು, ಮುಂದಿನ ತಾರೀಕು ಕೇಳಿಕೊಂಡು ವಾಪಸ್. ಒಂದು ವಾಯಿದೆ ಅಂದರೆ ಒಂದು ದಿನದ ಕೂಲಿ, ಬಸ್ ಚಾರ್ಜು, ಒಂದು ಊಟ. ಆರು ವಾಯಿದೆ ಮುಗಿಯುವ ಹೊತ್ತಿಗೆ ಮನೆಯವಳ ಕಿವಿಯೋಲೆ ಹೋಗಿತ್ತು.

ಡಿಸೆಂಬರಿನಲ್ಲಿ ದೋಷಾರೋಪಣೆಗೆ ಬಂತು. ವರಾಂಡದ ಕಂಬದ ಬಳಿ ವಕೀಲರು ಲೆಕ್ಕ ಹೇಳಿದರು: “ಟ್ರಯಲ್ ನಡೆಸಿದರೆ ಇನ್ನೂ ಎರಡು ವರ್ಷ ಓಡಾಟ. ಒಪ್ಪಿಕೊಂಡರೆ ಒಳಗಿದ್ದ ದಿನಗಳನ್ನೇ ಶಿಕ್ಷೆ ಅಂತ ಹಿಡಿದು, ಸಣ್ಣ ದಂಡ ಹಾಕಬಹುದು. ಇವತ್ತೇ ಮನೆಗೆ.” ಹೇಳಿ ಮಣಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು.

ನನ್ನ ಮನಸ್ಸಿನಲ್ಲಿ ಆಗ ಏನಿತ್ತು ಅಂತ ಪ್ರಾಮಾಣಿಕವಾಗಿ ಹೇಳುತ್ತೇನೆ. ರೋಬಸ್ಟಾ ಹಣ್ಣಾಗುತ್ತಿತ್ತು, ಆಳುಗಳಿಲ್ಲ. ಅಷ್ಟೇ ಆಗಿದ್ದರೆ ಸ್ವಾರ್ಥ ಅಂತ ಹೇಳಿ ಮುಗಿಸಬಹುದಿತ್ತು. ಟ್ರಯಲ್ ಆದರೆ ಆ ರಾತ್ರಿಯ ಸಾಕ್ಷಿ ನಾನೊಬ್ಬನೇ. ಕಟಕಟೆ ಹತ್ತಿ, ಪಕ್ಕದ ತೋಟದವರ ದೂರು ಸುಳ್ಳು ಅಂತ ಹೇಳಬೇಕು. ಅವರು ದೂರದ ನೆಂಟರು. ಹುತ್ತರಿ ಹಬ್ಬಕ್ಕೆ ಒಟ್ಟಿಗೆ ಕೂತು ಉಣ್ಣುವವರು.

“ಒಪ್ಕೊಂಡ್ಬಿಡೋ ಮಣಿ” ಅಂದೆ.

“ಹೂಂ ಸಾವ್ಕಾರ್ರೆ” ಅಂದ.

ಒಳಗೆ ಮ್ಯಾಜಿಸ್ಟ್ರೇಟರು ಚಿಕ್ಕ ವಯಸ್ಸಿನವರು, ಗಡಿಬಿಡಿ ಮಾಡಲಿಲ್ಲ. ಆರೋಪ ಓದಿ, ಸರಳ ಕನ್ನಡದಲ್ಲಿ ಬಿಡಿಸಿ ಹೇಳಿ ಕೇಳಿದರು: “ತಪ್ಪು ಮಾಡಿದ್ದೀಯಾ? ಒಪ್ಪಿಕೊಳ್ಳುತ್ತೀಯಾ?”

“ಹೂಂ ಸಾಮಿ.”

“ಯಾರಾದರೂ ಒತ್ತಾಯ ಮಾಡಿ ಹೀಗೆ ಹೇಳಿಸುತ್ತಿದ್ದಾರಾ?”

“ಹೂಂ ಸಾಮಿ.”

ಕೋರ್ಟ್ ಹಾಲಿನಲ್ಲಿ ನಗು ಎದ್ದಿತು. ಬೆಂಚ್ ಕ್ಲರ್ಕ್ ಕೂಡ ನಕ್ಕರು. ವಕೀಲರು ಹಿಂದಿನಿಂದ ಪಿಸುಗುಟ್ಟಿದರು, “ಇಲ್ಲ ಅನ್ನು, ಇಲ್ಲ ಅನ್ನು.” ಮತ್ತೆ ಕೇಳಿದಾಗ “ಇಲ್ಲ ಸಾಮಿ” ಅಂದ. ದಂಡ 2000 ರೂಪಾಯಿ. ನಾನೇ ಕಟ್ಟಿದೆ. ಸಂಬಳದಲ್ಲಿ ಹಿಡಿಯಲಿಲ್ಲ, ಅದನ್ನೇ ದೊಡ್ಡ ಉಪಕಾರ ಅಂದುಕೊಂಡು ತಿರುಗಿದೆ.

ಆ ನಗು ನನ್ನ ಕಿವಿಯಿಂದ ಹೋಗಿಲ್ಲ. ಇಡೀ ಕೇಸಿನಲ್ಲಿ ಮಣಿಯ ಬಾಯಿಂದ ಬಂದ ಒಂದೇ ಒಂದು ಸತ್ಯ ಅದು, ಅದೂ ಅಭ್ಯಾಸಬಲದಿಂದ. ಸಾವ್ಕಾರ, ರೈಟರು, ಮೇಸ್ತ್ರಿ, ಫಾರೆಸ್ಟ್ ಗಾರ್ಡ್, ಶರ್ಟು ಇನ್‌ಸರ್ಟ್ ಮಾಡಿದ ಯಾರೇ ಏನೇ ಕೇಳಿದರೂ ‘ಹೂಂ’. ನಾಳೆ ಬರ್ತೀಯಾ? ಹೂಂ. ಬರಲ್ವಾ? ಹೂಂ. ತಲೆಮಾರುಗಳಿಂದ ‘ಇಲ್ಲ’ ಅಂದವರಿಗೆ ಏನಾಯಿತು ಅಂತ ಅವರಿಗೆ ಗೊತ್ತು. ಅಂಥವನ ‘ಹೂಂ’ ಅನ್ನು ತಪ್ಪೊಪ್ಪಿಗೆ ಅಂತ ಬರೆದುಕೊಳ್ಳುವುದು ಯಾವ ನ್ಯಾಯ? ಕಾನೂನು ಆಗಲೂ ಮ್ಯಾಜಿಸ್ಟ್ರೇಟರ ಕೈ ಕಟ್ಟಿರಲಿಲ್ಲ. ಆರೋಪಿ ಒಪ್ಪಿಕೊಂಡರೆ ಶಿಕ್ಷೆ ಕೊಡ‘ಬಹುದು’ ಅಂತ ಇದೆ, ಕೊಡಲೇಬೇಕು ಅಂತಿಲ್ಲ. ಆ ಎರಡನೇ ‘ಹೂಂ’ ಕೇಳಿದ ಕ್ಷಣ ಒಪ್ಪಿಗೆಯನ್ನು ಪಕ್ಕಕ್ಕಿಟ್ಟು, ಸಾಕ್ಷಿ ಕರೆಸಿ ಅನ್ನಬಹುದಿತ್ತು. ಕರೆಸಿದ್ದರೆ ಬರಬೇಕಾದವನು ಹಿಂದಿನ ಬೆಂಚಿನಲ್ಲೇ ಕೂತಿದ್ದ ಅನ್ನಿ.

ಒಪ್ಪಿಕೊಂಡರೆ ಕಡಿಮೆ ಶಿಕ್ಷೆ ಎಂಬ ಈ ವ್ಯಾಪಾರಕ್ಕೆ 1980ರಲ್ಲಿ ಸುಪ್ರೀಂ ಕೋರ್ಟ್ ಬಾಗಿಲು ಹಾಕಿತ್ತು. ಗುಜರಾತಿನ ಕಾಸಂಭಾಯಿ ಪ್ರಕರಣದಲ್ಲಿ ನ್ಯಾಯಮೂರ್ತಿ ಭಗವತಿ, ಇದು ನಿರಪರಾಧಿಯನ್ನೂ ತಪ್ಪೊಪ್ಪಿಕೊಳ್ಳುವ ಹಾಗೆ ಮಾಡುತ್ತದೆ, ಸಂವಿಧಾನಕ್ಕೆ ವಿರುದ್ಧ ಅಂದಿದ್ದರು. ನಮ್ಮ ರಾಜ್ಯದ್ದೇ ತಿಪ್ಪೇಸ್ವಾಮಿ ಪ್ರಕರಣದಲ್ಲೂ, ಹಗುರ ಶಿಕ್ಷೆಯ ಆಸೆ ತೋರಿಸಿ ಒಪ್ಪಿಸಿ, ಮೇಲಿನ ಕೋರ್ಟಿನಲ್ಲಿ ಶಿಕ್ಷೆ ಏರಿಸುವುದು ಅನ್ಯಾಯ ಅಂತ ತೀರ್ಪು ಬಂತು. ಕಾಲ ಬದಲಾಯಿತು. ಕೇಸುಗಳ ರಾಶಿ ಬೆಳೆಯಿತು. ನಮ್ಮವರೇ ಆದ ನ್ಯಾಯಮೂರ್ತಿ ಮಳಿಮಠರ ಸಮಿತಿ 2003ರಲ್ಲಿ ಈ ಪದ್ಧತಿಗೆ ಬೆಂಬಲ ಕೊಟ್ಟಿತು. 2006ರ ಜುಲೈಯಿಂದ, ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ‘ಪ್ಲೀ ಬಾರ್ಗೇನಿಂಗ್’ ಕಾನೂನಿನಲ್ಲೇ ಬಂತು. ಕೆಟ್ಟ ಉದ್ದೇಶದಿಂದ ತಂದರು ಅಂತ ನಾನು ಹೇಳುವುದಿಲ್ಲ. ನಿಜವಾಗಿ ತಪ್ಪು ಮಾಡಿದವನಿಗೆ ಅದೊಂದು ದಾರಿ. ಆದರೆ ನಮ್ಮ ಕಡೆ ನಡೆಯುವುದು ಆ ಕಾನೂನು ಹೇಳುವ ಅರ್ಜಿ, ಮಾತುಕತೆ ಯಾವುದೂ ಅಲ್ಲ. ಕಂಬದ ಬಳಿ ಎರಡು ನಿಮಿಷದ ಪಿಸುಮಾತು. ಚೌಕಾಶಿ ಮಾಡಲು ಎರಡೂ ಕಡೆ ಏನಾದರೂ ಇರಬೇಕು. ಮಣಿಯ ಕಡೆ ಏನಿತ್ತು?

“ಮುಗೀತಲ್ಲ, ಮನೆಗೆ ಬಂದನಲ್ಲ” ಅನ್ನುವವರಿಗೆ ಹೇಳುತ್ತೇನೆ, ಮುಗಿಯುವುದಿಲ್ಲ. ಒಪ್ಪಿಕೊಂಡವನಿಗೆ ಸಾಮಾನ್ಯವಾಗಿ ಶಿಕ್ಷೆ ಹೆಚ್ಚಾಯಿತು ಅಂತ ಮೇಲ್ಮನವಿ ಹಾಕಬಹುದೇ ಹೊರತು ನಾನು ಮಾಡಿಲ್ಲ ಅಂತ ಹಾಕಲು ಬರುವುದಿಲ್ಲ. 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಹಿಂದೆ ಶಿಕ್ಷೆಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ವಿಚಾರಣಾ ಕೈದಿಯಾಗಿ ಕಳೆದರೆ ಬಿಡಬೇಕು ಅಂತ ಇದೆ. ಮಣಿಗೆ ಆ ಸೌಲಭ್ಯವೂ ಹೋಯಿತು, ಅವನೀಗ ‘ಹಳೇ ಕಳ್ಳ’. ಆಮೇಲೆ ರೋಬಸ್ಟಾ ಚೆರ್ರಿ 50 ಕೆ.ಜಿ. ಚೀಲಕ್ಕೆ ಹತ್ತು ಸಾವಿರ ದಾಟಿದಾಗ ಊರಲ್ಲಿ ಕಾಫಿ ಕಳ್ಳತನ ಹೆಚ್ಚಾಯಿತಲ್ಲ, ಪ್ರತಿ ಸಲವೂ ಜೀಪು ಮೊದಲು ನಿಂತದ್ದು ನಮ್ಮ ಲೈನ್ ಮನೆ ಮುಂದೆ.

2025ರ ಏಪ್ರಿಲ್‌ನಲ್ಲಿ ಕುಶಾಲನಗರದ ಕಡೆಯ ಆದಿವಾಸಿ ಹಾಡಿಯವರೊಬ್ಬರ ಸುದ್ದಿ ನೀವೆಲ್ಲ ಓದಿದ್ದೀರಿ. ಹೆಂಡತಿ ಕಾಣೆಯಾದಳು ಅಂತ ದೂರು ಕೊಟ್ಟವರನ್ನೇ, ಮೈಸೂರು ಜಿಲ್ಲೆಯಲ್ಲಿ ಸಿಕ್ಕ ಅಸ್ಥಿಪಂಜರ ಅವಳದೇ ಅಂತ ಹೇಳಿ ಕೊಲೆ ಕೇಸಿನಲ್ಲಿ ಜೈಲಿಗೆ ಹಾಕಿದ್ದರು. ಡಿಎನ್‌ಎ ಹೊಂದಲಿಲ್ಲ, ಆದರೂ ಕೇಸು ನಿಲ್ಲಲಿಲ್ಲ. ಒಂದು ವರ್ಷಕ್ಕೂ ಮೀರಿ ಒಳಗಿದ್ದರು. ಕೊನೆಗೆ ಆ ಹೆಂಡತಿ ಮಡಿಕೇರಿಯ ಹೋಟೆಲಿನಲ್ಲಿ ಜೀವಂತವಾಗಿ ಕಣ್ಣಿಗೆ ಬಿದ್ದಳು. ಮೈಸೂರಿನ ಕೋರ್ಟು ಬಿಡುಗಡೆ ಮಾಡಿ, ಗೃಹ ಇಲಾಖೆ ಒಂದು ಲಕ್ಷ ಪರಿಹಾರ ಕೊಡಬೇಕು ಅಂದಿತು. ಪೇಪರ್ ಓದುತ್ತಾ ನನಗೆ ಹೊಳೆದದ್ದು ಬೇರೆ. ಆತ ಕೋರ್ಟಿನಲ್ಲಿ ಒಪ್ಪಿಕೊಂಡಿರಲಿಲ್ಲ. ಹಾಗಾಗಿ ಕೇಸು ಇನ್ನೂ ನಡೆಯುತ್ತಿತ್ತು, ಹೆಂಡತಿಯನ್ನು ಕರೆತಂದು ನಿಲ್ಲಿಸಲು ಒಂದು ಕಟಕಟೆ ಇತ್ತು. ಪಕ್ಕದಲ್ಲಿ ನನ್ನಂಥ ಸಾವ್ಕಾರನೊಬ್ಬ “ಒಪ್ಕೊಂಡ್ಬಿಡೋ” ಅನ್ನಲು ಇರಲಿಲ್ಲವೇನೋ.

ಪರಿಶಿಷ್ಟ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. 1987ರ ಕಾನೂನು. 15100ಕ್ಕೆ ಫೋನ್ ಮಾಡಿದರೆ ಸಾಕು. ಇದು ನನಗೆ ಆಗಲೂ ಗೊತ್ತಿತ್ತು.

ಅದೇ ವರ್ಷದ ಮೇ ತಿಂಗಳಲ್ಲಿ ಕುಂಡೆ ಹಬ್ಬ ಬಂತು. ಹೊರಗಿನವರಿಗಾಗಿ ಹೇಳುತ್ತೇನೆ: ದೇವರಪುರದಲ್ಲಿ ಹಾಡಿಯವರು, ಲೈನ್ ಮನೆಯವರು ವೇಷ ಹಾಕಿ, ದೇವರಿಗೂ ಊರಿಗೂ ಬಾಯಿಗೆ ಬಂದ ಹಾಗೆ ಬೈಯುವ ಹಬ್ಬ. ಅವತ್ತು ಯಾರೂ ಸಿಟ್ಟಾಗುವಂತಿಲ್ಲ. ಮಣಿ ನನ್ನ ಹೆಂಡತಿಯ ಹಳೇ ನೈಟಿ ತೊಟ್ಟು, ಮುಖಕ್ಕೆ ಮಸಿ ಬಳಿದು, ಡಬ್ಬ ಬಡಿಯುತ್ತಾ ಗೇಟಿಗೆ ಬಂದ. ನನ್ನ ಜೀಪಿಗೆ ಬೈದ, ನಾಯಿಗೆ ಬೈದ, ಅಜ್ಜನಿಗೆ ಬೈದ. ಆಮೇಲೆ ಮುಖಕ್ಕೆ ಮುಖ ತಂದು, ಕಂಡದ್ದನ್ನು ಹೇಳದ ಬಾಯಿಗೆ ಹುಳ ಬೀಳಲಿ ಅಂದ. ಅಷ್ಟು ಹತ್ತಿರದಿಂದ ಅವನ ಉಸಿರು ತಾಗಿತು. ನೂರು ರೂಪಾಯಿ ಕೊಟ್ಟೆ, ಡಬ್ಬ ಬಡಿಯುತ್ತಾ ಹೋದ.

ಮರುದಿನ ಬೆಳಗ್ಗೆ ಎಂಟಕ್ಕೆ ಕತ್ತಿ ಹಿಡಿದು ಕೆಲಸಕ್ಕೆ ಬಂದು ನಿಂತ. “ನಿನ್ನೆ ಜಾಸ್ತಿ ಕುಡಿದಿದ್ದೆ ಅಲ್ವಾ ಮಣಿ?” ಅಂತ ನಗುತ್ತಾ ಕೇಳಿದೆ.

“ಹೂಂ ಸಾವ್ಕಾರ್ರೆ” ಅಂದ.

ಹಿಂದಿನ ದಿನ ಅವನು ಒಂದು ಹನಿಯೂ ಕುಡಿದಿರಲಿಲ್ಲ.