ಗಂಟಲು ನೋವಿನಿಂದ ಹೃದಯದ ಕವಾಟದವರೆಗೆ

ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು ಎಂದು ಲೇಖನವೊಂದರಲ್ಲಿ ಓದಿದೆ. ಆ ಮಾತನ್ನು ಒಪ್ಪುವುದು ಕಷ್ಟ. ಗುರಿ ತಪ್ಪಿದರೆ ಅದೇ ಶಕ್ತಿ ಏನು ಮಾಡುತ್ತದೆ ಎಂಬುದಕ್ಕೆ ರುಮ್ಯಾಟಿಕ್ ಜ್ವರ ನೋಡಿ. ಗಂಟಲಿನ ಸೋಂಕಿನ ನಂತರ ಕೀಲು, ಹೃದಯಕ್ಕೆ ತಾಗುವ ಕಾಯಿಲೆ ಇದು, ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಿಗೆ ಬರುವಂಥದ್ದು.

ಗ್ರೂಪ್ ಎ ಸ್ಟ್ರೆಪ್ಟೊಕಾಕಸ್ (ಸ್ಟ್ರೆಪ್) ಎಂಬ ಬ್ಯಾಕ್ಟೀರಿಯಾ ಗಂಟಲಿಗೆ ತಗುಲಿದಾಗ ಮೊದಲು ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ನುಗ್ಗುತ್ತವೆ. ರೋಗಾಣುವನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯಗಳು, ಟಿ ಕಣಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಆಮೇಲೆ. ಆ ಬ್ಯಾಕ್ಟೀರಿಯಾದ ಎಂ ಪ್ರೋಟೀನಿನ ಕೆಲವು ಭಾಗಗಳು ಹೃದಯದ ಸ್ನಾಯುವಿನಲ್ಲಿರುವ ಮಯೋಸಿನ್ ಎಂಬ ಪ್ರೋಟೀನನ್ನು ಹೋಲುತ್ತವೆ. ಹಾಗಾಗಿ ಕೆಲವು ಮಕ್ಕಳಲ್ಲಿ, ಎಲ್ಲರಲ್ಲೂ ಅಲ್ಲ, ಗಂಟಲು ವಾಸಿಯಾದ ಎರಡು-ಮೂರು ವಾರಕ್ಕೆ ದಾಳಿ ಸ್ವಂತ ದೇಹದ ಮೇಲೆಯೇ ತಿರುಗುತ್ತದೆ. ಮಂಡಿ, ಹಿಮ್ಮಡಿ ಗಂಟು ಅಂತ ಒಂದಾದ ಮೇಲೊಂದು ಕೀಲು ಊದುತ್ತದೆ. ಕೀಲು ಸರಿಹೋಗುತ್ತದೆ, ಹೃದಯದ ಎಡಭಾಗದ ಮೈಟ್ರಲ್ ಕವಾಟಕ್ಕಾದ ಗಾಯ ಮಾತ್ರ ಎಷ್ಟೋ ಸಲ ಹಾಗೇ ಉಳಿಯುತ್ತದೆ.

ಸ್ಟ್ರೆಪ್ ಗಂಟಲು ನೋವು ಶುರುವಾದ 9 ದಿನದೊಳಗೆ ಪೆನಿಸಿಲಿನ್ ಆರಂಭಿಸಿದರೂ ಇದನ್ನು ತಡೆಯಬಹುದು. ಮಾತ್ರೆಯಾದರೆ ಪೂರ್ತಿ 10 ದಿನ. ಮೂರನೇ ದಿನ ನೋವು ಹೋಯಿತೆಂದು ನಿಲ್ಲಿಸುವುದೇ ನಮ್ಮಲ್ಲಿ ಹೆಚ್ಚು! ಒಮ್ಮೆ ಕಾಯಿಲೆ ಬಂದವರಿಗೆ ಅದು ಮರುಕಳಿಸದಂತೆ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್, ದೊಡ್ಡವರಿಗೆ 12 ಲಕ್ಷ ಯೂನಿಟ್, 3-4 ವಾರಕ್ಕೊಮ್ಮೆ. ಹೃದಯಕ್ಕೆ ತಾಗಿರದಿದ್ದರೂ ಕನಿಷ್ಠ 5 ವರ್ಷ ಅಥವಾ 21ರ ವಯಸ್ಸಿನವರೆಗೆ, ಯಾವುದು ಹೆಚ್ಚೋ ಅದು. ನಾಲ್ಕನೇ ವಾರದಲ್ಲಿ ರಕ್ತದಲ್ಲಿ ಔಷಧದ ಮಟ್ಟ ಇಳಿಯುವುದರಿಂದ ಅಪಾಯ ಹೆಚ್ಚಿರುವವರಿಗೆ ಮೂರು ವಾರಕ್ಕೊಮ್ಮೆಯೇ.

ಇನ್ನೊಂದು ವಿಷಯ. ಸ್ಟ್ರೆಪ್ ವಿರುದ್ಧದ ಪ್ರತಿಕಾಯ ಅಳೆಯುವ ಎಎಸ್‌ಒ ರಕ್ತಪರೀಕ್ಷೆಯ ಅಂಕಿ ಹೆಚ್ಚಿದೆ ಎಂದಷ್ಟಕ್ಕೇ ಮಗುವಿಗೆ ವರ್ಷಗಟ್ಟಲೆ ಇಂಜೆಕ್ಷನ್ ಕೊಡಿಸಬೇಡಿ. ಅದು ಇತ್ತೀಚೆಗೆ ಸ್ಟ್ರೆಪ್ ಸೋಂಕು ತಗುಲಿತ್ತು ಎಂದಷ್ಟೇ ಹೇಳುತ್ತದೆ. ರೋಗ ಖಚಿತವಾಗಲು ಕೀಲು, ಹೃದಯದ ಲಕ್ಷಣಗಳು ಮತ್ತು ಎಕೋ (ಹೃದಯದ ಅಲ್ಟ್ರಾಸೌಂಡ್) ಬೇಕು.