ಅಘನಾಶಿನಿಗೆ ಅಮೆರಿಕದ ಯಾವ ಕಾನೂನು ಹೊಂದುತ್ತದೆ?

ಉತ್ತರ ಕನ್ನಡದ ಅಘನಾಶಿನಿ ನದಿಗೆ ಇನ್ನೂ ದೊಡ್ಡ ಅಣೆಕಟ್ಟು ಬಂದಿಲ್ಲ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂದದ್ದು 1964ರಲ್ಲಿ. ಅದೇ ವರ್ಷ ಸೆಪ್ಟೆಂಬರ್ 3ರಂದು ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ವೈಲ್ಡರ್‌ನೆಸ್ ಆ್ಯಕ್ಟ್‌ಗೆ, ಅಂದರೆ ಕಾಡು ನೆಲವನ್ನು ಇದ್ದ ಹಾಗೇ ಉಳಿಸುವ ಕಾನೂನಿಗೆ, ಸಹಿ ಹಾಕಿದರು. ನಾನಿರುವ ಅಮೆರಿಕದಲ್ಲಿ ನಮ್ಮವರು ಇಂಥದ್ದನ್ನು ಕೇಳಿದರೆ ಸಾಕು, "ನೋಡಿ, ಇವರು ಎಷ್ಟು ಮುಂದಿದ್ದಾರೆ" ಅಂತ ಶುರು ಮಾಡುತ್ತಾರೆ. ಸ್ವಲ್ಪ ತಡೆಯಿರಿ. ಅಷ್ಟು ಹೊತ್ತಿಗೆ ಅಮೆರಿಕದವರು ಕೊಲರಾಡೋ ನದಿಗೆ ಹೂವರ್ ಅಣೆಕಟ್ಟು, ಕೊಲಂಬಿಯಾಕ್ಕೆ ಗ್ರ್ಯಾಂಡ್ ಕೂಲಿ ಅಣೆಕಟ್ಟು, ಹೀಗೆ ಕಟ್ಟಬೇಕಾದ್ದನ್ನೆಲ್ಲ ಹೆಚ್ಚುಕಮ್ಮಿ ಕಟ್ಟಿಯಾಗಿತ್ತು. ಹೊಟ್ಟೆ ತುಂಬ ಉಂಡು ಉಪವಾಸದ ಮಹಿಮೆ ಹೇಳಿದ ಹಾಗೆ.

ಹಾಗಂತ ಕಾನೂನು ಸಣ್ಣದಲ್ಲ. ಕರಡು ಬರೆದ ಹವರ್ಡ್ ಝಾನೈಸರ್ ಅದನ್ನು 60ಕ್ಕೂ ಹೆಚ್ಚು ಸಲ ತಿದ್ದಿ ಬರೆದರು. ಸಹಿ ಬೀಳುವ ಕೆಲವೇ ತಿಂಗಳ ಮೊದಲು ತೀರಿಕೊಂಡರು. ಮೊದಲ ದಿನ ಅದರಡಿ ಬಂದದ್ದು 91 ಲಕ್ಷ ಎಕರೆ. ಇವತ್ತು 11 ಕೋಟಿ ಎಕರೆ ದಾಟಿದೆ. ಅದರೊಳಗೆ ಹೊಸ ರಸ್ತೆ ಇಲ್ಲ, ವಾಹನ ಇಲ್ಲ, ಸೈಕಲ್ ಕೂಡ ಇಲ್ಲ. ದಾರಿಗೆ ಮರ ಬಿದ್ದರೆ ಅರಣ್ಯ ಇಲಾಖೆಯವರೇ ಸಾಮಾನ್ಯವಾಗಿ ಇಬ್ಬರು ಹಿಡಿದೆಳೆಯುವ ಗರಗಸದಲ್ಲಿ ಕೊಯ್ಯುತ್ತಾರೆ. ಒಂದು ಜಾಗವನ್ನು ಪಟ್ಟಿಗೆ ಸೇರಿಸುವುದು, ತೆಗೆಯುವುದು ಸಂಸತ್ತಿನ ಕೈಯಲ್ಲಿದೆ. ಯಾವ ಅಧಿಕಾರಿಯೂ ಮೇಜಿನ ಮೇಲೆ ಫೈಲ್ ಸರಿಸಿ ಅದನ್ನು ಬದಲಿಸಲಾರ.

ಆದರೆ ಈ ಕಾನೂನಿನ ಒಂದು ಮಾತು ನನಗೆ ಒಗ್ಗುವುದಿಲ್ಲ. ಅಲ್ಲಿ ಮನುಷ್ಯ ಬಂದು ಹೋಗುವ ಅತಿಥಿ, ಉಳಿಯುವವನಲ್ಲ ಎನ್ನುತ್ತದೆ ಅದು. ಓದಲು ಚೆಂದ. ಅಲ್ಲಿದ್ದವರು ಎಲ್ಲಿ ಹೋದರು ಎಂದು ಕೇಳಿದರೆ ಮಾತ್ರ ಕಷ್ಟ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯ ಮೂಲನಿವಾಸಿಗಳಾದ ಅಹ್ವಾನೀಚಿ ಜನರನ್ನು 1851ರಲ್ಲೇ ಬಂದೂಕು ಹಿಡಿದು ಓಡಿಸಿದ್ದರು. ಇವತ್ತು ಆ ಕಣಿವೆ ಇರುವ ರಾಷ್ಟ್ರೀಯ ಉದ್ಯಾನದ ಬಹುಪಾಲು ಈ ಕಾನೂನಿನಡಿಯ ವೈಲ್ಡರ್‌ನೆಸ್. ಅಲಾಸ್ಕಾಕ್ಕೆ 1980ರಲ್ಲಿ ಬೇರೆ ಕಾನೂನು ಮಾಡುವಾಗ ಇವರೇ ಸಡಿಲ ಬಿಟ್ಟರು. ಅಲ್ಲಿನ ಹಳ್ಳಿಯವರು ಹೊಟ್ಟೆಪಾಡಿಗೆ ಬೇಟೆಯಾಡಬಹುದು, ಮೀನು ಹಿಡಿಯಬಹುದು, ಹಿಮದ ಗಾಡಿಯನ್ನೂ ಓಡಿಸಬಹುದು. ನಮ್ಮ ಘಟ್ಟಕ್ಕೆ 1964ರ ಅಚ್ಚನ್ನು ಹಾಗೇ ತಂದರೆ ಏನಾಗುತ್ತದೆ ಎಂದು ನಾಗರಹೊಳೆಯಿಂದ ಹೊರಬಂದ ಜೇನುಕುರುಬರನ್ನು ಕೇಳಿದರೆ ಸಾಕು.

ನನಗೆ ಆಸೆ ಹುಟ್ಟಿಸುವುದು ಇನ್ನೊಂದು ಕಾನೂನು. 1968ರ ವೈಲ್ಡ್ ಅಂಡ್ ಸೀನಿಕ್ ರಿವರ್ಸ್ ಆ್ಯಕ್ಟ್. ಇದು ನದಿಯ ಹೆಸರು ಹಿಡಿದು ಮಾತಾಡುತ್ತದೆ. ಐಡಾಹೋದ ಸಾಲ್ಮನ್ ನದಿಯ ಮಿಡ್ಲ್ ಫೋರ್ಕ್, ಓರೆಗನ್‌ನ ರೋಗ್ ಸೇರಿ ಮೊದಲಿಗೆ ಎಂಟು ನದಿಗಳು. ಈಗ 200ಕ್ಕೂ ಜಾಸ್ತಿ. ಪಟ್ಟಿಗೆ ಬಿದ್ದ ಭಾಗದಲ್ಲಿ ವಿದ್ಯುತ್ ಅಣೆಕಟ್ಟಿಗೆ ಲೈಸೆನ್ಸ್ ಕೊಡುವ ಹಾಗೇ ಇಲ್ಲ. ಮುಗಿಯಿತು, ಅಷ್ಟೇ. ಸ್ನೇಕ್ ನದಿಯ ಹೆಲ್ಸ್ ಕ್ಯಾನಿಯನ್‌ನಲ್ಲಿ ಹೊಸ ಅಣೆಕಟ್ಟಿನ ಜಗಳ ವರ್ಷಗಟ್ಟಲೆ ನಡೆದಿತ್ತು. 1975ರಲ್ಲಿ ಸಂಸತ್ತು ಆ ಭಾಗವನ್ನು ಪಟ್ಟಿಗೆ ಸೇರಿಸಿತು, ಜಗಳ ಅಲ್ಲಿಗೆ ನಿಂತಿತು.

ಇದರಲ್ಲಿ ಜನರನ್ನು ಎಬ್ಬಿಸುವ ಮಾತಿಲ್ಲ. ವೈಲ್ಡ್, ಸೀನಿಕ್, ರಿಕ್ರಿಯೇಶನಲ್ ಎಂದು ಮೂರು ದರ್ಜೆ. ಕಾಲುದಾರಿ ಬಿಟ್ಟರೆ ಬೇರೆ ದಾರಿಯೇ ಇಲ್ಲದ ನದಿ ಮೊದಲನೆಯದು. ದಡದಲ್ಲಿ ರಸ್ತೆ, ಮನೆ, ಹೊಲ ಇದ್ದರೆ ಕೊನೆಯದು. ದಡದ ಎರಡೂ ಕಡೆ ಸರಾಸರಿ 400 ಮೀಟರ್‌ನಷ್ಟು ಜಾಗ ಲೆಕ್ಕಕ್ಕೆ ಬರುತ್ತದೆ. ಆ ಜಾಗದಲ್ಲಿ ಅರ್ಧಕ್ಕಿಂತ ಜಾಸ್ತಿ ಈಗಾಗಲೇ ಸರ್ಕಾರದ್ದಾಗಿದ್ದರೆ, ಖಾಸಗಿ ಜಮೀನನ್ನು ಬಲವಂತವಾಗಿ ಕೊಂಡುಕೊಳ್ಳುವ ಹಾಗಿಲ್ಲ. ರೈತ ರೈತನಾಗಿಯೇ ಇರುತ್ತಾನೆ, ನದಿ ಹರಿಯುತ್ತದೆ.

ಕೊರತೆ ಇಲ್ಲದಿಲ್ಲ. ಈ ರಕ್ಷಣೆ ಸಿಕ್ಕಿರುವುದು ದೇಶದ ಒಟ್ಟು ನದಿ ಉದ್ದದಲ್ಲಿ ಶೇಕಡಾ ಒಂದಕ್ಕೂ ಕಡಿಮೆ. ನಾನಿರುವ ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ಪರ್ಯಾಯ ದ್ವೀಪದ 19 ನದಿಗಳ ಮಸೂದೆ 2012ರಲ್ಲಿ ಮೊದಲು ಮಂಡನೆಯಾಯಿತು. ಹತ್ತು ವರ್ಷ ದಾಟಿದ ಮೇಲೂ ಪಾಸಾಗದೆ ಮತ್ತೆ ಮತ್ತೆ ಮಂಡನೆಯಾಗುತ್ತಲೇ ಇತ್ತು. ಆಮೆ ನಡಿಗೆ ನಮ್ಮ ಸಂಸತ್ತಿನ ಸೊತ್ತಲ್ಲ.

ನಮ್ಮಲ್ಲಿ ಏನಾಗುತ್ತಿದೆ? 1972ರ ವನ್ಯಜೀವಿ ಕಾಯ್ದೆ, 1980ರ ಅರಣ್ಯ ಕಾಯ್ದೆ ಎರಡೂ ನೆಲದ ಲೆಕ್ಕ ಹಿಡಿಯುತ್ತವೆ. ಈ ನದಿ ಹೀಗೇ ಹರಿಯಬೇಕು ಎನ್ನುವ ಕಾನೂನು ಇಲ್ಲ. ನೆಲ ಅಭಯಾರಣ್ಯವಾದರೂ ಅನುಮತಿ ಕೇಳುವ ದಾರಿ ತೆರೆದೇ ಇರುತ್ತದೆ. ಶರಾವತಿ ಕಣಿವೆಯನ್ನು 2019ರಲ್ಲಿ ಸಿಂಗಳೀಕಗಳ ಅಭಯಾರಣ್ಯ ಎಂದು ಘೋಷಿಸಿದರು. ನೀರನ್ನು ಮೇಲಕ್ಕೆತ್ತಿಟ್ಟು ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಕಣ್ಣಿಟ್ಟಿರುವುದೂ ಅದೇ ಕಣಿವೆಗೆ.

ಅಘನಾಶಿನಿಯ ಕಥೆ ಇನ್ನೂ ಸುಸ್ತು ಮಾಡುತ್ತದೆ. ಶಿರಸಿ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯಲ್ಲಿ ಸಮುದ್ರ ಸೇರುವವರೆಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಅದಕ್ಕೇ ಅಳಿವೆಯಲ್ಲಿ ಇನ್ನೂ ಬೆಳಚು ಎಂಬ ಚಿಪ್ಪುಮೀನು ಸಿಗುತ್ತದೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ಮೊದಲು ಜಲವಿದ್ಯುತ್ ಯೋಜನೆ ಬಂತು, ಜನ ಎದ್ದು ನಿಂತರು. ಆಮೇಲೆ ತದಡಿಗೆ 4000 ಮೆಗಾವ್ಯಾಟ್ ಉಷ್ಣ ಸ್ಥಾವರ ಎಂದರು, ಅದೂ ಹೋಯಿತು. ಬಂದರು ಎಂದರು. ಈಗ ಒಳನಾಡಿನ ವೇದಾವತಿ ನದಿಗೆ ನೀರು ತಿರುಗಿಸುವ ಮಾತು. 2024ರಲ್ಲಿ ಅಳಿವೆಗೆ ರಾಮ್ಸಾರ್ ಪಟ್ಟ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಜಾಗ, ಸಿಕ್ಕಿದೆ, ಆದರೆ ಮೇಲಿನ ನೀರು ತಿರುಗಿಸಬೇಡಿ ಎಂದು ಆ ಪಟ್ಟ ಹೇಳುವುದಿಲ್ಲ. ಒಂದೊಂದು ತಲೆಮಾರೂ ಅದೇ ಸಭೆ, ಅದೇ ಪಾದಯಾತ್ರೆ, ಅದೇ ಮನವಿ ಪತ್ರ. ಹತ್ತು ಸಲ ಗೆದ್ದರೂ ಹನ್ನೊಂದನೇ ಸಲ ಸೋತರೆ ನದಿ ಹೋಯಿತು, ಅಲ್ವಾ?

ದಿಲ್ಲಿಗಾಗಿ ಕಾಯಬೇಕಾಗಿಯೂ ಇಲ್ಲ. ಕ್ಯಾಲಿಫೋರ್ನಿಯಾ 1972ರಲ್ಲಿ ನದಿಗಳಿಗೆ ಇಂಥದ್ದೇ ತನ್ನದೇ ರಾಜ್ಯ ಕಾನೂನು ಮಾಡಿಕೊಂಡು, 1981ರಲ್ಲಿ ಆ ನದಿಗಳು ಒಕ್ಕೂಟ ಸರ್ಕಾರದ ಪಟ್ಟಿಗೂ ಸೇರುವಂತೆ ಮಾಡಿತು. ನಮ್ಮ ಸಂವಿಧಾನದಲ್ಲಿ ನೀರು, ಜಲವಿದ್ಯುತ್ ರಾಜ್ಯ ಪಟ್ಟಿಯಲ್ಲಿವೆ. ಕೇಂದ್ರದ ಕೈ ಬರುವುದು ಅಂತರರಾಜ್ಯ ನದಿಗಳಿಗೆ. ಅಘನಾಶಿನಿ ಹುಟ್ಟುವುದೂ ಕರ್ನಾಟಕದಲ್ಲಿ, ಸಮುದ್ರ ಸೇರುವುದೂ ಕರ್ನಾಟಕದಲ್ಲಿ. ಕಾವೇರಿಯ ಹಾಗೆ ಪಕ್ಕದವರ ಜೊತೆ ಜಗಳವಿಲ್ಲ, ನ್ಯಾಯಮಂಡಳಿ ಇಲ್ಲ. ಅಣೆಕಟ್ಟು ಬೇಡ, ತಿರುವು ಬೇಡ, ಬೆಳಚು ಹೆಕ್ಕುವವರು, ಕಗ್ಗ ಬೆಳೆಯುವವರು ಇದ್ದ ಹಾಗೇ ಇರಲಿ ಎಂದು ಎರಡು ಪುಟದ ಮಸೂದೆ ಸಾಕು. ಉತ್ತರ ಕನ್ನಡದ ಶಾಸಕರು ಯಾವ ಪಕ್ಷದವರೇ ಆಗಲಿ, ಮುಂದಿನ ಚುನಾವಣೆಯಲ್ಲಿ ಮನೆ ಬಾಗಿಲಿಗೆ ಬಂದಾಗ ಕೇಳಬೇಕಾದ್ದು ಇದನ್ನೇ.